ಒಡೆದ ಹಾಲಿನ ಚರಿತ್ರೆ

ಹೊಸ ಮನೆಯ ಒಲೆಯ ಮೇಲೆ ಹಾಲು ಉಕ್ಕಿದರೆ ನಮ್ಮಲ್ಲಿ ಶುಭ. ಅದೇ ಹಾಲು ಒಡೆದರೆ ಮನೆಯವರ ಮುಖ ಸಪ್ಪಗಾಗುತ್ತದೆ. ಕೆಟ್ಟುಹೋದ ಸ್ನೇಹವನ್ನು ಹೇಳುವಾಗಲೂ ಒಡೆದ ಹಾಲನ್ನೇ ಹೋಲಿಕೆಗೆ ತರುವುದುಂಟು. ಹೀಗಿದ್ದರೂ ಇಂದು ನಮ್ಮ ಪಟ್ಟಣಗಳಲ್ಲಿ ಯಾವ ಉಪಾಹಾರ ಗೃಹಕ್ಕೆ ಹೋದರೂ ಒಡೆದ ಹಾಲಿನ ಎರಡು ಪದಾರ್ಥಗಳು ನಮಗಿಂತ ಮುಂಚೆಯೇ ಅಲ್ಲಿ ಕುಳಿತಿರುತ್ತವೆ. ಒಂದು ಪನೀರು, ಮತ್ತೊಂದು ಚೀಸು. ಮಕ್ಕಳಿಗೆ ದೋಸೆಯ ಮೇಲೆ ತುರಿದ ಚೀಸು ಬೇಕು. ಮದುವೆಯ ಊಟದಲ್ಲಿ ಪನೀರಿನ ಪಲ್ಯವಿಲ್ಲದಿದ್ದರೆ ಬೀಗರಿಗೆ ಏನೋ ಕೊರತೆ. ಮೂವತ್ತು ನಲವತ್ತು ವರ್ಷಗಳ ಹಿಂದೆ ನಮ್ಮ ಕಡೆಯ ಅಡುಗೆಮನೆಗಳಲ್ಲಿ ಅಪರೂಪವಾಗಿದ್ದ ಈ ಎರಡು ಹೆಸರುಗಳು ಇಂದು ಉಪ್ಪು ಹುಳಿಯಷ್ಟು ಬಳಕೆಯಾಗಿವೆ.

ಇವೆರಡೂ ಹೊರಗಿನಿಂದ ಬಂದುವೆಂದು ಸಾಮಾನ್ಯವಾಗಿ ಹೇಳುವರು. ಪನೀರೆಂಬುದು ಪಾರಸಿ ಭಾಷೆಯ ಮಾತು, ಚೀಸೆಂಬುದು ಇಂಗ್ಲಿಷಿನದು. ಅಷ್ಟೇ ಅಲ್ಲ, ಹಾಲನ್ನು ಬೇಕೆಂದೇ ಒಡೆಯುವುದು ಭಾರತೀಯರಿಗೆ ನಿಷಿದ್ಧವಾಗಿತ್ತು, ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಪೋರ್ಚುಗೀಸರು ಬಂಗಾಳದಲ್ಲಿ ನೆಲಸಿ ಈ ವಿದ್ಯೆಯನ್ನು ಕಲಿಸಿದರು ಎಂದೂ ಆಹಾರದ ಚರಿತ್ರೆಯನ್ನು ಬರೆದ ಕೆಲವು ವಿದ್ವಾಂಸರು ಹೇಳಿದ್ದಾರೆ. ಮಾತು ಕೇಳಲು ಚೆನ್ನಾಗಿದೆ. ಆದರೆ ನಮ್ಮ ಹಳೆಯ ಗ್ರಂಥಗಳನ್ನು ತೆರೆದು ನೋಡಿದರೆ ಸಂಗತಿ ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ.

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಅದರ ಬ್ರಹ್ಮವರ್ಗದಲ್ಲಿ ಬರುವ ‘ಆಮಿಕ್ಷಾ’ ಎಂಬ ಶಬ್ದದ ನೆನಪಿರಬೇಕು. ಕಾದ ಹಾಲಿಗೆ ಮೊಸರು ಕೂಡಿದಾಗ ಆಗುವ ಪದಾರ್ಥವೇ ಆಮಿಕ್ಷೆ ಎಂದು ಅಮರಸಿಂಹನು ಅದಕ್ಕೆ ಅರ್ಥ ಹೇಳುತ್ತಾನೆ. ಇಂದು ಪನೀರು ಮಾಡುವ ಗೃಹಿಣಿಯು ಮಾಡುವ ಕೆಲಸವೂ ಇದೇ ಅಲ್ಲವೆ? ಈ ಶಬ್ದ ಅಮರಸಿಂಹನಿಗಿಂತ ಬಹಳ ಹಳೆಯದು. ವೈದಿಕ ಕರ್ಮಗಳಲ್ಲಿ ಚಾತುರ್ಮಾಸ್ಯವೆಂಬ ಯಾಗಗಳಿವೆ. ಅವುಗಳಲ್ಲಿ ಮೊದಲನೆಯದಾದ ವೈಶ್ವದೇವ ಪರ್ವವು ವಸಂತದಲ್ಲಿ ನಡೆಯತಕ್ಕದ್ದು. ಅಲ್ಲಿ ಕಾದ ಹಾಲಿಗೆ ಮೊಸರನ್ನು ಹಾಕಿ ಒಡೆಯುವರು. ಗಟ್ಟಿಯಾಗಿ ನಿಂತ ಆಮಿಕ್ಷೆ ವಿಶ್ವೇದೇವರಿಗೆ ಸಲ್ಲುತ್ತದೆ. ಬೇರ್ಪಟ್ಟ ತಿಳಿನೀರಿಗೆ ವಾಜಿನವೆಂದು ಹೆಸರು, ಅದು ವಾಜಿಗಳೆಂಬ ದೇವತೆಗಳಿಗೆ ಸಲ್ಲುತ್ತದೆ.

ಮೀಮಾಂಸಕರು ಇದರ ಮೇಲೊಂದು ಸೊಗಸಾದ ಚರ್ಚೆಯನ್ನೇ ಬೆಳೆಸಿದ್ದಾರೆ. ಹಾಲಿಗೆ ಮೊಸರು ಹಾಕಿದ ಒಂದೇ ಕ್ರಿಯೆಯಿಂದ ಎರಡು ವಸ್ತುಗಳು ಹುಟ್ಟಿದುವು. ಇವುಗಳಲ್ಲಿ ಯಾವುದಕ್ಕಾಗಿ ಆ ಕ್ರಿಯೆ ನಡೆಯಿತು? ಆಮಿಕ್ಷೆಗಾಗಿಯೇ ಎಂದು ಅವರ ಸಿದ್ಧಾಂತ. ವಾಜಿನವು ತಾನಾಗಿ ಒದಗಿಬಂದದ್ದು. ಅದು ಚೆಲ್ಲಿಹೋದರೆ ಅದಕ್ಕೆಂದು ಮತ್ತೆ ಹಾಲನ್ನು ಒಡೆಯಬೇಕಾಗಿಲ್ಲ. ಮುಖ್ಯ ವಸ್ತು ಯಾವುದು, ಅದರೊಡನೆ ದೊರೆಯುವ ಉಪವಸ್ತು ಯಾವುದು ಎಂಬ ವಿವೇಚನೆಗೆ ನಮ್ಮ ಪೂರ್ವಿಕರು ಆರಿಸಿಕೊಂಡ ದೃಷ್ಟಾಂತ ಒಡೆದ ಹಾಲು! ದೇವತೆಗಳಿಗೇ ಅರ್ಪಿಸುತ್ತಿದ್ದ ವಸ್ತುವು ಎಲ್ಲರಿಗೂ ಎಲ್ಲ ಕಾಲಕ್ಕೂ ನಿಷಿದ್ಧವಾಗಿತ್ತೆಂದು ಹೇಗೆ ಹೇಳೋಣ? ತಾನಾಗಿ ಕೆಟ್ಟು ಒಡೆದ ಹಾಲು ಬೇರೆ, ಬುದ್ಧಿಪೂರ್ವಕವಾಗಿ ಒಡೆದ ಹಾಲು ಬೇರೆ. ಮೊದಲನೆಯದು ನಷ್ಟ, ಎರಡನೆಯದು ಸಂಸ್ಕಾರ.

ಹಾಲು ಒಡೆಯುವುದೆಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ತಿಳಿದುಕೊಂಡರೆ ಮುಂದಿನ ಕಥೆ ಸುಲಭವಾಗುತ್ತದೆ. ಹಾಲಿನಲ್ಲಿ ಕೇಸೀನ್ ಎಂಬ ಸಸಾರಜನಕವುಂಟು. ಹಸುವಿನ ಹಾಲಿನ ಒಟ್ಟು ಸಸಾರಜನಕದಲ್ಲಿ ಸುಮಾರು ನೂರಕ್ಕೆ ಎಂಬತ್ತು ಪಾಲು ಇದೇ. ಅದು ಕಣ್ಣಿಗೆ ಕಾಣದ ಸಣ್ಣ ಸಣ್ಣ ಕಣಗಳಾಗಿ ನೀರಿನಲ್ಲಿ ತೇಲುತ್ತಿರುತ್ತದೆ. ಹುಳಿ ಬಿದ್ದರೆ ಈ ಕಣಗಳು ಒಂದಕ್ಕೊಂದು ಅಂಟಿಕೊಂಡು, ಕೊಬ್ಬನ್ನೂ ಹಿಡಿದುಕೊಂಡು ಗಟ್ಟಿಯಾಗುತ್ತವೆ. ಇದೇ ಪನೀರು, ಇದೇ ಬಂಗಾಳದ ಛಾನಾ. ಇನ್ನೊಂದು ಮಾರ್ಗವೂ ಇದೆ. ಹಾಲು ಕುಡಿಯುವ ಎಳೆಗರುವಿನ ಹೊಟ್ಟೆಯಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಒಂದು ರಸವಿದೆ. ಅದಕ್ಕೆ ರೆನ್ನೆಟ್ ಎಂದು ಹೆಸರು. ಯೂರೋಪಿನ ಚೀಸುಗಳಲ್ಲಿ ಹೆಚ್ಚಿನವು ಇದರಿಂದ ಹೆಪ್ಪುಗಟ್ಟಿ, ಉಪ್ಪು ಹೀರಿ, ನೆಲಮಾಳಿಗೆಗಳಲ್ಲಿಯೂ ಗುಹೆಗಳಲ್ಲಿಯೂ ತಿಂಗಳುಗಟ್ಟಲೆ ಮಾಗಿದಂಥವು. ಕರುವಿನ ಹೊಟ್ಟೆಯ ರಸವನ್ನು ಬಳಸಲು ನಮ್ಮ ದೇಶದಲ್ಲಿ ಬಹುಜನರು ಒಪ್ಪುವಂತಿರಲಿಲ್ಲ. ಆದುದರಿಂದ ಇಲ್ಲಿ ಹುಳಿಯ ಮಾರ್ಗವೇ ಮುಖ್ಯವಾಯಿತು. ಇಂದು ಸೂಕ್ಷ್ಮಜೀವಿಗಳಿಂದ ತಯಾರಾದ ರೆನ್ನೆಟ್ ದೊರೆಯುವುದರಿಂದ ಆ ತೊಡಕು ಬಹುಮಟ್ಟಿಗೆ ತೀರಿದೆ.

ಇವೆರಡರ ನಡುವೆ ಮೂರನೆಯದೊಂದು ದಾರಿಯೂ ಉಂಟು, ಅದು ಗಿಡಮೂಲಿಕೆಯದು. ಸಿಂಧ್, ಪಂಜಾಬು, ಆಫ್ಘಾನಿಸ್ತಾನಗಳ ಒಣನೆಲದಲ್ಲಿ ಅಶ್ವಗಂಧದ ಜಾತಿಗೆ ಸೇರಿದ ಒಂದು ಗಿಡ ಬೆಳೆಯುತ್ತದೆ. ಅದರ ಕಾಯಿಗೆ ಹಾಲನ್ನು ಹೆಪ್ಪುಗಟ್ಟಿಸುವ ಗುಣವಿದೆ. ಅದಕ್ಕೆಂದೇ ಅದಕ್ಕೆ ‘ಪನೀರ್ ಬಂದ್’ ಎಂಬ ಹೆಸರು ಬಂದಿದೆ. ಈ ಮಾತನ್ನು ಇಲ್ಲಿ ಎತ್ತಿದುದಕ್ಕೆ ಕಾರಣವಿದೆ. ಕನ್ನಡದಲ್ಲಿಯೇ ಇದಕ್ಕೆ ಹೋಲುವ ಒಂದು ಹಳೆಯ ಉಲ್ಲೇಖವುಂಟು.

ಕಲ್ಯಾಣದ ಚಾಲುಕ್ಯ ವಂಶದ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥವನ್ನು ರಚಿಸಿದನು. ಬೇಸಾಯ, ವೃಕ್ಷಾಯುರ್ವೇದ, ಅಂತರ್ಜಲ, ಸುಗಂಧದ್ರವ್ಯ, ವೈದ್ಯ, ಶಕುನ ಎಂದು ಸಂಸಾರಿಗೆ ಬೇಕಾದುದೆಲ್ಲವನ್ನೂ ತುಂಬಿಕೊಂಡಿರುವ ಈ ಗ್ರಂಥದಲ್ಲಿ ಪಾಕಶಾಸ್ತ್ರಕ್ಕೂ ಸ್ಥಾನವಿದೆ. ಎಮ್ಮೆಯ ಹಾಲನ್ನು ಗಿಡದ ಬೇರಿನಿಂದಲೂ ಎಲೆಯಿಂದಲೂ ಹೆಪ್ಪುಗಟ್ಟಿಸಿ, ಮೆತ್ತನೆಯ ಆ ಗಟ್ಟಿಯನ್ನು ಸಿಹಿತಿಂಡಿಗೆ ಬಳಸುವ ಕ್ರಮವನ್ನು ಅವನು ಹೇಳಿದ್ದಾನೆ. ಬೇರು ಹರಿವೆಯ ಜಾತಿಯದೆಂದೂ, ಎಲೆ ಜವುಗುನೆಲದಲ್ಲಿ ಬೆಳೆಯುವ ಒಂದು ಮುಳ್ಳುಗಿಡದ್ದೆಂದೂ ಅರ್ಥಮಾಡಿರುವರು.

ಇದಾದ ಸುಮಾರು ನೂರು ವರ್ಷಗಳಿಗೆ, ಅದೇ ವಂಶದಲ್ಲಿ ಮೂರನೆಯ ಸೋಮೇಶ್ವರನು ಕಲ್ಯಾಣದ ಸಿಂಹಾಸನವನ್ನು ಏರಿದನು. ಕಲ್ಯಾಣವೆಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಈ ರಾಜನು 1129ರಲ್ಲಿ ಮುಗಿಸಿದ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಸಂಸ್ಕೃತ ಗ್ರಂಥವು ನೂರು ಅಧ್ಯಾಯಗಳ ವಿಶ್ವಕೋಶವೇ ಸರಿ. ಮೈಸೂರಿನ ಪಂಡಿತರಾದ ಆರ್. ಶಾಮಶಾಸ್ತ್ರಿಗಳು ಇದರ ಮೊದಲ ಭಾಗವನ್ನು 1926ರಲ್ಲಿ ಅಚ್ಚಿಗೆ ತಂದರು. ಬರೋಡದ ಗ್ರಂಥಮಾಲೆಯಲ್ಲಿ ಇದು 1925ರಿಂದ 1961ರವರೆಗೆ ಮೂರು ಸಂಪುಟಗಳಾಗಿ ಹೊರಬಂದಿತು. ಇದರ ಅನ್ನಭೋಗವೆಂಬ ಭಾಗದಲ್ಲಿ ‘ಕ್ಷೀರಪ್ರಕಾರ’ವೆಂಬ ತಿಂಡಿಯ ವಿಧಾನವಿದೆ. ಹಾಲನ್ನು ಕಾಯಿಸಿ ಹುಳಿ ಬೆರಸಿ ಒಡೆಯಬೇಕು. ಬಟ್ಟೆಯಲ್ಲಿ ಸೋಸಿ ನೀರನ್ನು ತೆಗೆಯಬೇಕು. ಉಳಿದ ಗಟ್ಟಿಗೆ ಅಕ್ಕಿಹಿಟ್ಟು ಸೇರಿಸಿ ನಾದಿ ಬಗೆಬಗೆಯ ಆಕಾರಗಳನ್ನು ಮಾಡಬೇಕು. ತುಪ್ಪದಲ್ಲಿ ಕರಿದು ಸಕ್ಕರೆಯ ಪಾಕಕ್ಕೆ ಹಾಕಬೇಕು. ಇಂದಿನ ಮಿಠಾಯಿ ಅಂಗಡಿಯವನು ಕೇಳಿದರೆ ತನ್ನ ತಿಂಡಿಯನ್ನೇ ಹೇಳುತ್ತಿದ್ದಾರೆ ಎಂದುಕೊಂಡಾನು.

ವಾಸ್ಕೊ ಡ ಗಾಮನು ಕಲ್ಲಿಕೋಟೆಯ ಬಳಿ ಇಳಿದುದು 1498ರಲ್ಲಿ. ಅದಕ್ಕೆ 369 ವರ್ಷ ಮುಂಚೆಯೇ ಕನ್ನಡ ನಾಡಿನ ಅರಸನೊಬ್ಬನು ಹಾಲು ಒಡೆಯುವ ಕ್ರಮವನ್ನು ಲೇಖಣಿಯಿಂದ ಬರೆದಿಟ್ಟಿದ್ದನು. ಇಷ್ಟರಿಂದ ಪನೀರನ್ನು ನಾವೇ ಲೋಕಕ್ಕೆಲ್ಲ ಕಲಿಸಿದೆವೆಂದು ಹೆಮ್ಮೆಪಡಬೇಕಾಗಿಲ್ಲ. ಹಾಲು ಕರೆಯುವ ಜನರಿರುವ ಕಡೆಗಳಲ್ಲೆಲ್ಲ ಈ ವಿದ್ಯೆ ತಾನಾಗಿ ಹುಟ್ಟಬಹುದು. ಒಬ್ಬರು ಮತ್ತೊಬ್ಬರಿಗೆ ಕಲಿಸಿದರೆಂದು ಸುಲಭವಾಗಿ ತೀರ್ಪು ಕೊಡುವುದು ಮಾತ್ರ ಸರಿಯಲ್ಲ.

ಹಾಗಾದರೆ ಪೋರ್ಚುಗೀಸರ ಪಾಲು ಇಲ್ಲವೇ ಇಲ್ಲವೆ? ಇದೆ, ಆದರೆ ಅದನ್ನು ಅದರ ಜಾಗದಲ್ಲಿ ಇಟ್ಟು ನೋಡಬೇಕು. ಅವರು ಸುಮಾರು 1580ರಲ್ಲಿ ಅಕ್ಬರನ ಅನುಮತಿಯಿಂದ ಬಂಗಾಳದ ಹೂಗ್ಲಿಯಲ್ಲಿ ನೆಲಸಿದರು. ಹತ್ತಿರದ ಬಾಂಡೆಲ್ ಎಂಬಲ್ಲಿ 1599ರಲ್ಲಿ ಅವರ ಇಗರ್ಜಿ ಎದ್ದಿತು. ಬಾಂಡೆಲ್ ಎಂಬುದು ‘ಬಂದರ್’ ಶಬ್ದದ ರೂಪಾಂತರ. 1632ರಲ್ಲಿ ಷಹಜಹಾನನ ಸೇನೆ ಹೂಗ್ಲಿಯನ್ನು ಹಿಡಿಯಿತು. ಅದಾದ ಮೇಲೆ ಬಂಗಾಳವನ್ನು ಕಂಡ ಫ್ರೆಂಚ್ ವೈದ್ಯ ಬರ್ನಿಯೆಯು ಪೋರ್ಚುಗೀಸರು ಇರುವ ಊರುಗಳಲ್ಲಿ ಸಿಹಿಪದಾರ್ಥಗಳು ಬಹಳ ಚೆನ್ನಾಗಿರುತ್ತವೆಂದು ಬರೆದನು. ಅವರೇ ಛಾನಾ ಕಲಿಸಿದರೆಂಬ ವಾದಕ್ಕೆ ಈ ಮಾತನ್ನು ಆಧಾರವಾಗಿ ತೋರಿಸುವುದುಂಟು. ಆದರೆ ಮುಂದಕ್ಕೆ ಓದಿದರೆ ಅವನು ಹೆಸರಿಸುವುದು ಮಾದಲ, ಶುಂಠಿ ಮೊದಲಾದುವನ್ನು ಸಕ್ಕರೆಯಲ್ಲಿ ಹಾಕಿಟ್ಟ ಮುರಬ್ಬಗಳನ್ನು. ಒಡೆದ ಹಾಲಿನ ಮಾತು ಅಲ್ಲಿ ಇಲ್ಲ.

ಪೋರ್ಚುಗೀಸರ ನಿಜವಾದ ನೆನಪು ಉಳಿದಿರುವುದು ಬೇರೊಂದು ಕಡೆ. ಅದೇ ಬಾಂಡೆಲ್ ಚೀಸು. ಅಂಗೈಯೊಳಗೆ ಅಡಗುವಷ್ಟು ಸಣ್ಣ ಬಿಲ್ಲೆ. ಒಂದು ಬಗೆ ಬಿಳಿಯದು, ಇನ್ನೊಂದು ಹೊಗೆಯಲ್ಲಿಟ್ಟು ಕಂದಾದದ್ದು. ಎರಡರಲ್ಲಿಯೂ ಉಪ್ಪು ಮುಂದು. ಆದುದರಿಂದ ನೀರಿನಲ್ಲಿ ನೆನೆಯಿಟ್ಟು ತಿನ್ನುವ ರೂಢಿ. ಬಾಂಡೆಲಿನಲ್ಲಿ ಹುಟ್ಟಿದರೂ ಇದನ್ನು ಈಗ ತಯಾರಿಸುವುದು ತಾರಕೇಶ್ವರ, ವಿಷ್ಣುಪುರಗಳ ಸುತ್ತಿನ ಬೆರಳೆಣಿಕೆಯ ಮನೆತನಗಳು. ಕೊಳ್ಳಲು ಸಿಗುವುದು ಮುಖ್ಯವಾಗಿ ಕಲ್ಕತ್ತೆಯ ನ್ಯೂ ಮಾರ್ಕೆಟ್ಟಿನ ಕೆಲವೇ ಅಂಗಡಿಗಳಲ್ಲಿ. ಇದರ ನೆಂಟನೆನ್ನಬಹುದಾದ ಢಾಕಾ ಪನೀರು ಇಂದಿನ ಬಾಂಗ್ಲಾದೇಶದ ಅಷ್ಟಗ್ರಾಮದ ಕಡೆಯದು. ಬಿದಿರು ಬುಟ್ಟಿಯಲ್ಲಿ ನೀರು ಬಸಿದು, ಗಟ್ಟಿಯಾದ ಮೇಲೆ ತೂತು ಮಾಡಿ ಒಳಗೆ ಉಪ್ಪು ತುಂಬುವರು.

ಅದೇ ಬಂಗಾಳದಲ್ಲಿ ಛಾನಾದ ಭಾಗ್ಯ ಬೇರೆಯಾಯಿತು. ಕಲ್ಕತ್ತೆಯ ಬಾಗ್‌ಬಜಾರಿನ ನವೀನಚಂದ್ರ ದಾಸನು 1868ರಲ್ಲಿ ರಸಗುಲ್ಲವನ್ನು ಮಾಡಿದನೆಂದು ಬಂಗಾಳಿಗಳು ಹೇಳುವರು. ಪುರಿಯ ಜಗನ್ನಾಥನ ಸನ್ನಿಧಿಯಲ್ಲಿ ಅದಕ್ಕಿಂತ ಹಿಂದಿನಿಂದಲೂ ಇತ್ತೆಂದು ಒಡಿಯಾ ಜನರು ಹೇಳುವರು. 2017ರಲ್ಲಿ ಬಂಗಾಳದ ರಸಗುಲ್ಲಕ್ಕೂ 2019ರಲ್ಲಿ ಒಡಿಶಾದ ರಸಗುಲ್ಲಕ್ಕೂ ಬೇರೆ ಬೇರೆಯಾಗಿ ಭೌಗೋಳಿಕ ಸೂಚಕದ ಮುದ್ರೆ ದೊರೆತು ಜಗಳ ತಣ್ಣಗಾಯಿತು. 1965ರಲ್ಲಿ ಹಾಲಿನ ಅಭಾವದಿಂದ ಪಶ್ಚಿಮ ಬಂಗಾಳ ಸರ್ಕಾರವು ಛಾನಾದ ಮಿಠಾಯಿಗಳನ್ನು ನಿರ್ಬಂಧಿಸಿ ಆಜ್ಞೆ ಹೊರಡಿಸಬೇಕಾಯಿತು. ಒಂದು ಸೇರು ಛಾನಾಕ್ಕೆ ಐದಾರು ಸೇರು ಹಾಲು ಬೇಕಾಗುವಾಗ, ಮಕ್ಕಳ ಹಾಲು ಮಿಠಾಯಿ ಅಂಗಡಿಗೆ ಹೋಗುತ್ತದೆಂಬ ಆತಂಕ ಸಹಜವೇ. ಆ ಆಜ್ಞೆ ಬಹಳ ಕಾಲ ನಿಲ್ಲಲಿಲ್ಲ. ಜನರ ನಾಲಗೆಗೆ ಹತ್ತಿದ ರುಚಿ ನಿಂತಿತು.

ಬಂಗಾಳವನ್ನು ಬಿಟ್ಟು ಪಶ್ಚಿಮಕ್ಕೆ ಬಂದರೆ ಸೂರತ್ತಿನಲ್ಲಿ ಪಾರಸಿಗಳ ‘ಟೋಪ್ಲಿ ನು ಪನೀರ್’ ಇದೆ. ಟೋಪ್ಲಿ ಎಂದರೆ ಬುಟ್ಟಿ. ಹಾಲನ್ನು ಹುಳಿಯಿಂದಲ್ಲದೆ ರೆನ್ನೆಟ್ಟಿನಿಂದ ಹೆಪ್ಪುಗಟ್ಟಿಸಿ, ಪುಟ್ಟ ಪುಟ್ಟ ಬುಟ್ಟಿಗಳಲ್ಲಿ ಬಸಿದು, ತನ್ನದೇ ತಿಳಿನೀರಿನಲ್ಲಿ ತೇಲಬಿಡುವರು. ಬುಟ್ಟಿಯ ಹೆಣಿಗೆಯ ಗೆರೆಗಳು ಅದರ ಮೈಮೇಲೆ ಮೂಡಿರುತ್ತವೆ. ಬಾಯಲ್ಲಿಟ್ಟರೆ ಬೆಣ್ಣೆಯಂತೆ ಕರಗುವ ಇದು ಪಾರಸಿಗಳ ಮದುವೆ ಮುಂಜಿಗಳ ಊಟದಲ್ಲಿ ಮಾನದ ವಸ್ತು. ಎರಡು ಮೂರು ದಿನಗಳಿಗಿಂತ ಹೆಚ್ಚು ಬಾಳದು. ಆದುದರಿಂದ ದೂರದ ಊರು ಕಂಡಿಲ್ಲ.

ಉತ್ತರಕ್ಕೆ ಹೋದರೆ ಜಮ್ಮುವಿನ ಬೆಟ್ಟಗಳಲ್ಲಿ, ವಿಶೇಷವಾಗಿ ಉಧಂಪುರ, ರಾಮನಗರಗಳ ಕಡೆ, ‘ಕಲಾಡಿ’ ಎಂಬುದೊಂದಿದೆ. ಗುಜ್ಜರ್ ಮತ್ತು ಬಕರ್‌ವಾಲ್ ಪಶುಪಾಲಕರು ಮಂದೆಯನ್ನು ಅಟ್ಟಿಕೊಂಡು ಬೆಟ್ಟದಿಂದ ಬೆಟ್ಟಕ್ಕೆ ಸಾಗುವಾಗ ಹಾಲು ಮಾರಲು ಪೇಟೆ ಎಲ್ಲಿಂದ ಬರಬೇಕು? ಹಾಲನ್ನು ಹುಳಿಮಾಡಿ ಒಡೆದು, ಬಿಸಿಯಲ್ಲಿ ನಾದಿ ಎಳೆದು, ರೊಟ್ಟಿಯಂತೆ ತಟ್ಟಿ ಎಲೆಯ ಮೇಲೆ ಆರಿಸುವರು. ಕಾವಲಿಯ ಮೇಲೆ ಇಟ್ಟರೆ ತನ್ನ ಜಿಡ್ಡಿನಲ್ಲಿಯೇ ಬೆಂದು ಹೊರಗೆ ಗರಿಗರಿ, ಒಳಗೆ ಮೃದುವಾಗುತ್ತದೆ.

ಇನ್ನೂ ಮೇಲೆ, ಸಿಕ್ಕಿಂ, ಡಾರ್ಜಿಲಿಂಗ್, ನೇಪಾಳ, ಭೂತಾನಗಳಲ್ಲಿ ‘ಛುರ್ಪಿ’ ಇದೆ. ಮಜ್ಜಿಗೆಯನ್ನು ಕಾಯಿಸಿ ಒಡೆದರೆ ಮೆತ್ತನೆಯ ಛುರ್ಪಿ. ಅದರಿಂದ ಸಾರು, ಪಲ್ಯ, ಚಟ್ನಿಗಳಾಗುತ್ತವೆ. ಗಟ್ಟಿಯ ಬಗೆಯನ್ನು ಒತ್ತಿ, ಕೊಯ್ದು, ಒಲೆಯ ಮೇಲಿನ ಹೊಗೆಯಲ್ಲಿ ತಿಂಗಳುಗಟ್ಟಲೆ ಒಣಗಿಸಿದರೆ ಅದು ಕಲ್ಲಿನಷ್ಟು ಗಟ್ಟಿ. ದಾರಿಹೋಕನು ಒಂದು ತುಂಡನ್ನು ದವಡೆಗಿಟ್ಟುಕೊಂಡರೆ ಒಂದು ಗಂಟೆಯ ಏರುಹಾದಿ ಅದರೊಡನೆಯೇ ಸವೆಯುತ್ತದೆ. ಅರುಣಾಚಲದ ಪಶ್ಚಿಮ ಕಾಮೆಂಗ್ ಮತ್ತು ತವಾಂಗ್ ಕಡೆಯ ಬ್ರೋಕ್ಪಾ ಜನರು ಯಾಕ್ ಹಾಲಿನಿಂದ ಮಾಡುವ ಛುರ್ಪಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಾಲಿಗೆ ಆಯುಸ್ಸು ಒಂದು ದಿನ. ಆ ಆಯುಸ್ಸನ್ನು ಬೆಳಸಲು ಒಬ್ಬೊಬ್ಬರು ತಮ್ಮ ನೆಲ, ಗಾಳಿ, ಬಿಸಿಲುಗಳಿಗೆ ತಕ್ಕ ಉಪಾಯವನ್ನು ಕಂಡುಕೊಂಡರು. ಗಂಗೆಯ ಬಯಲಿನ ತೇವದ ಹವೆಗೆ ಉಪ್ಪು ಮತ್ತು ಹೊಗೆ, ಜಮ್ಮುವಿನ ಬೆಟ್ಟಕ್ಕೆ ಎಲೆ ಮತ್ತು ಬಿಸಿಲು, ಹಿಮಾಲಯಕ್ಕೆ ಚಳಿಗಾಳಿ. ಚೀಸೆಂದರೆ ಆ ನೆಲದ ಬದುಕನ್ನೇ ಬಿಲ್ಲೆಮಾಡಿ ಇಟ್ಟಂತೆ. ಒಂದು ಬಗೆ ನಿಂತುಹೋದರೆ ಒಂದು ರುಚಿ ಮಾತ್ರ ಹೋಗುವುದಿಲ್ಲ. ಆ ನೆಲದ ಒಂದು ಉಪಾಯವೇ ಮರೆತುಹೋಗುತ್ತದೆ.

ಹಾಗೆ ಮರೆತುಹೋಗುವುದು ಕಲ್ಪನೆಯ ಮಾತಲ್ಲ. ಚೀಸಿಗೆ ಹೆಸರಾದ ಇಂಗ್ಲೆಂಡಿನಲ್ಲಿಯೇ ಹೀಗಾಯಿತು. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ, ಅಲ್ಲಿ ಚೀಸಿಗೆ ಪಡಿತರ ಬಂದಿತು. ಇದ್ದ ಹಾಲನ್ನು ಬಹುಕಾಲ ಬಾಳುವ, ಸಾಗಿಸಲು ಸುಲಭವಾದ ಚೆಡ್ಡಾರ್ ಬಗೆಯ ಗಟ್ಟಿ ಚೀಸಿಗೆ ತಿರುಗಿಸಬೇಕೆಂದು ಸರ್ಕಾರ ವಿಧಿಸಿತು. ಹಸಿದ ದೇಶಕ್ಕೆ ಅದು ಬೇಕಾಗಿದ್ದ ಕ್ರಮವೇ. ಆದರೆ 1954ರಲ್ಲಿ ಪಡಿತರ ಮುಗಿಯುವ ವೇಳೆಗೆ, ಹಿಂದೆ ಸಾವಿರಾರು ಹೊಲಮನೆಗಳಲ್ಲಿ ನಡೆಯುತ್ತಿದ್ದ ಚೀಸಿನ ಕಸುಬು ನೂರರ ಆಸುಪಾಸಿಗೆ ಇಳಿದಿತ್ತು. ಡಾರ್ಸೆಟ್ ಪ್ರಾಂತದ ‘ಬ್ಲೂ ವಿನ್ನಿ’ ಎಂಬ ಬಗೆ ನಿಂತೇಹೋಯಿತು. ಒಂದು ಮೆಚ್ಚಿನ ಚೀಸು ಉಳಿದು, ಹತ್ತು ಕಿರಿಯ ಚೀಸುಗಳು ಅದರ ನೆರಳಿನಲ್ಲಿ ಬಾಡಿದುವು.

ಅವುಗಳಿಗೆ ಜೀವ ತಂದವರಲ್ಲಿ ಪ್ಯಾಟ್ರಿಕ್ ರಾನ್ಸ್ ಎಂಬ ನಿವೃತ್ತ ಸೇನಾಧಿಕಾರಿಯ ಹೆಸರು ಮುಖ್ಯ. 1954ರಿಂದ ಸ್ಟ್ರೀಟ್ಲಿ ಎಂಬ ಹಳ್ಳಿಯಲ್ಲಿ ಅಂಗಡಿ ನಡೆಸಿದ ಆತನು ಊರೂರು ತಿರುಗಿ, ಉಳಿದಿದ್ದ ಬಗೆಗಳನ್ನು ಹುಡುಕಿ ಮಾರಿದನು. 1982ರಲ್ಲಿ ಬ್ರಿಟನ್ನಿನ ಚೀಸುಗಳೆಲ್ಲವನ್ನೂ ಕುರಿತು ಒಂದು ದೊಡ್ಡ ಗ್ರಂಥವನ್ನು ಬರೆದನು. ಬ್ಲೂ ವಿನ್ನಿಯೂ 1980ರ ದಶಕದಲ್ಲಿ ಒಂದು ಹೊಲಮನೆಯಲ್ಲಿ ಮತ್ತೆ ಹುಟ್ಟಿತು. ಹುಡುಕಿ, ಹೆಸರು ಹೇಳಿ, ಬರೆದಿಡುವುದರಿಂದ ಒಂದು ವಸ್ತು ಬದುಕಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ನಮ್ಮಲ್ಲಿ ಬಾಂಡೆಲಿನ ಬಿಲ್ಲೆಗೂ ಸೂರತ್ತಿನ ಬುಟ್ಟಿಗೂ ಇಂದು ಆಗಬೇಕಾದುದು ಇದೇ. ಯುದ್ಧವಿಲ್ಲದೆ, ಪಡಿತರವಿಲ್ಲದೆ, ನಮ್ಮ ನಾಲಗೆಯ ಸೋಮಾರಿತನದಿಂದಲೇ ಅವು ಮರೆಯಾಗುವ ಸಂಭವವಿದೆ. ಕಾರ್ಖಾನೆಯ ಪನೀರು ಎಲ್ಲೆಡೆ ಒಂದೇ ರುಚಿ, ಒಂದೇ ಆಕಾರ. ಅದನ್ನು ಹಳಿಯಬೇಕಾಗಿಲ್ಲ; ಅದರಿಂದ ಅನೇಕರ ಹೊಟ್ಟೆ ತುಂಬಿದೆ, ಹಾಲು ಹಾಕುವ ರೈತನಿಗೂ ದುಡ್ಡು ಸಿಕ್ಕಿದೆ. ಆದರೆ ಕಲ್ಕತ್ತೆಗೆ ಹೋದವರು ರಸಗುಲ್ಲದ ಡಬ್ಬಿಯ ಜೊತೆಗೆ ಬಾಂಡೆಲಿನ ನಾಲ್ಕು ಬಿಲ್ಲೆಗಳನ್ನೂ, ಜಮ್ಮುವಿಗೆ ಯಾತ್ರೆ ಹೋದವರು ಪ್ರಸಾದದ ಜೊತೆಗೆ ಒಂದು ಕಲಾಡಿಯನ್ನೂ ಕೇಳಿ ಕೊಂಡರೆ, ಮಾಡುವ ಕೈ ನಿಲ್ಲುವುದಿಲ್ಲ. ಕೇಳುವವನಿದ್ದರೆ ಮಾಡುವವನಿರುತ್ತಾನೆ.

ಕನ್ನಡದ ಮಾತನ್ನೂ ಮರೆಯಬಾರದು. ಹಸು ಈದ ಹೊಸದರಲ್ಲಿ ಕರೆದ ಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಕಾಯಿಸಿದರೆ, ಹುಳಿಯ ಹಂಗಿಲ್ಲದೆ ತಾನೇ ಗಟ್ಟಿಯಾಗಿ ಗಿಣ್ಣಾಗುತ್ತದೆ. ಆ ಹಾಲಿನಲ್ಲಿ ಸಸಾರಜನಕ ಅಷ್ಟು ಹೆಚ್ಚು. ಚೀಸೆಂಬ ಇಂಗ್ಲಿಷ್ ಮಾತಿಗೆ ನಮ್ಮ ನಿಘಂಟುಕಾರರು ‘ಗಿಣ್ಣು’ ಎಂಬ ಈ ಮಾತನ್ನೇ ಹಿಡಿದರು. ಗಿಣ್ಣು ಹಂಚಿ ತಿನ್ನುವ ಪದಾರ್ಥ. ನೆರೆಮನೆಗೆ ಒಂದು ಬಟ್ಟಲು ಹೋಗದೆ ಮನೆಯವರು ತಿನ್ನುವುದಿಲ್ಲ. ಹಾಲಿನ ಗಟ್ಟಿಗೆ ಇಷ್ಟು ಆತ್ಮೀಯವಾದ ಹೆಸರಿರುವ ಭಾಷೆಗೆ ಅದು ಪರದೇಶದ ವಸ್ತುವೆಂಬ ಸಂಕೋಚ ಬೇಕಾಗಿಲ್ಲ.

ಸೋಮೇಶ್ವರನ ಕ್ಷೀರಪ್ರಕಾರವನ್ನು ಇಂದಿಗೂ ಯಾರ ಮನೆಯಲ್ಲಾದರೂ ಮಾಡಬಹುದು. ಹಾಲು, ಹುಳಿ, ಅಕ್ಕಿಹಿಟ್ಟು, ತುಪ್ಪ, ಸಕ್ಕರೆ ಇಷ್ಟೇ ಅದಕ್ಕೆ ಬೇಕಾದುವು. ಮಾಡುವವರು ಬಟ್ಟೆಯಿಂದ ಇಳಿದ ತಿಳಿನೀರನ್ನು ಚೆಲ್ಲದಿರಲಿ. ಚಪಾತಿಯ ಹಿಟ್ಟು ಕಲಸಲು, ಸಾರಿಗೆ ಹುಳಿಯಾಗಿ ಬೆರಸಲು ಅದು ಚೆನ್ನಾಗಿ ಒದಗುತ್ತದೆ. ಅದು ತಾನಾಗಿ ಬಂದ ಉಪವಸ್ತುವೆಂದು ಮೀಮಾಂಸಕರು ನಿರ್ಣಯಿಸಿದರು, ನಿಜ. ಆದರೆ ಆ ಉಪವಸ್ತುವನ್ನೂ ದೇವತೆಗಳಿಗೆ ಸಲ್ಲಿಸಿದರೇ ಹೊರತು ಬಚ್ಚಲಿಗೆ ಸುರಿಯಲಿಲ್ಲ.